ನೀರಿನ ಮೇಲೆ ಹೊರಿಸಿದ ತಪ್ಪು

ಮದುವೆಯಾಗಿ ಬೆಂಗಳೂರಿಗೆ ಬಂದ ಹೊಸದರಲ್ಲಿ ನಾನು ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನನ್ನ ತವರು ಬಾಗಲಕೋಟೆ ಕಡೆಯ ಒಂದು ಹಳ್ಳಿ. ಜೋಳದ ರೊಟ್ಟಿ ಇಲ್ಲದ್ದನ್ನು ನಮ್ಮಲ್ಲಿ ಊಟ ಅನ್ನುವುದಿಲ್ಲ. ಪೀಣ್ಯದಲ್ಲಿ ಕಾರ್ಖಾನೆಗಳ ಕಾಂಪೌಂಡು ಮುಗಿದು ಬಾಡಿಗೆ ಮನೆಗಳು ಶುರುವಾಗುವ ಕಡೆ ಒಂದು ವಠಾರದಲ್ಲಿ ನಮ್ಮ ಮನೆ. ಒಂದು ಕೋಣೆ, ಒಂದು ಸಣ್ಣ ಅಡುಗೆಮನೆ. ಕೆಳಗೆ ಅಂಥವು ಆರು ಮನೆ, ಆರಕ್ಕೂ ಸೇರಿ ಎರಡು ಪಾಯಿಖಾನೆ. ಮೇಲಿನ ಮಹಡಿಯಲ್ಲಿ ಓನರ್ ಇದ್ದರು. ಅವರ ಅತ್ತೆಯ ಕಾಲದಲ್ಲಿ ಅಲ್ಲೆಲ್ಲ ರಾಗಿ ಹೊಲವಿತ್ತಂತೆ.

ನಾವು ಬಂದು ಐದಾರು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಓನರ್ ಅಮ್ಮ ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

"ನೋಡಮ್ಮಾ, ಐದು ಗಂಟೆಗೇ ಇಂಗೆ ತಪತಪ ಅಂತ ಬಡುದ್ರೆ ಮೇಲೆ ಮಲಗಿರೋರು ಏನ್ ಮಾಡ್ಬೇಕು? ನಮ್ಮೆಜಮಾನ್ರಿಗೆ ಬೀಪಿ ಐತೆ. ಚಪಾತಿ ಲಟ್ಟಿಸ್ಕಳಮ್ಮ. ಅದಕ್ಕೆ ಸದ್ದಿರಾಕಿಲ್ಲ."

ಗಂಡ ಅಲ್ಲೇ ಬೂಟು ಹಾಕಿಕೊಳ್ಳುತ್ತಿದ್ದರು. ಅವರಿಗೆ ಕಬ್ಬಿಣದ ಭಾಗಗಳಿಗೆ ಬಣ್ಣ ಹೊಡೆಯುವ ಒಂದು ಶೆಡ್ಡಿನಲ್ಲಿ ಕೆಲಸ. ಓನರ್ ಅಮ್ಮ ಹೋದ ಮೇಲೆ ಅವರು, "ಹೋಗ್ಲಿ ಬಿಡು, ಚಪಾತಿನ ಮಾಡು. ಡಬ್ಬ್ಯಾಗ ಚಪಾತಿ ಒಯ್ದರ ನಾಕ ಮಂದ್ಯಾಗ ಚಲೋನೂ ಕಾಣ್ತೈತಿ" ಅಂದರು. ನನಗೂ ಹಾಯೆನಿಸಿತ್ತು, ಸುಳ್ಳು ಹೇಳಬಾರದು. ರೊಟ್ಟಿಗಿಂತ ಚಪಾತಿ ಬೇಗ ಆಗುತ್ತದೆ. ಅಷ್ಟರಲ್ಲಿ ನಾನೂ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದ್ದೆ. ಎಂಟೂವರೆಗೆ ಮಿಷನ್ ಮುಂದೆ ಕೂತಿರಬೇಕಿತ್ತು. ಅಲ್ಲಿ ಹತ್ತು ಗಂಟೆಗೆ ಟೀ ಜೊತೆ ಒಂದು ಬನ್ನು ಕೊಡುತ್ತಿದ್ದರು. ಕ್ಯಾಂಟೀನಿನಲ್ಲಿ ವಾರಕ್ಕೆ ಮೂರು ದಿನ ಉಪ್ಪಿಟ್ಟು. ಹೀಗೆ ನನ್ನ ತಟ್ಟೆಯಿಂದ ಜೋಳ ಸದ್ದಿಲ್ಲದೆ ಎದ್ದುಹೋಯಿತು. ಅದನ್ನು ಗಮನಿಸಬೇಕಾದ ವಿಷಯವೆಂದು ಯಾರಿಗೂ ಅನಿಸಲಿಲ್ಲ, ನನಗೂ ಅನಿಸಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಮೇಲೆ ಭೇದಿ ಶುರುವಾಯಿತು.

ಮೊದಲು ಹಬ್ಬದ ಎಣ್ಣೆ ತಿಂಡಿ ಅಂದುಕೊಂಡೆ. ವಾರವಾಯಿತು, ಎರಡು ವಾರವಾಯಿತು. ದಿನಕ್ಕೆ ಐದು ಸಲ, ಆರು ಸಲ. ಹೊಟ್ಟೆ ಉಬ್ಬಿ ತಮಟೆಯ ಹಾಗಾಗುತ್ತಿತ್ತು. ಹೊರಗೆ ಹೋಗುತ್ತಿದ್ದದ್ದು ಬರೀ ನೀರಲ್ಲ. ಬಿಳಿಚಿಕೊಂಡ, ಜಿಡ್ಡುಜಿಡ್ಡಾದ, ಕೆಟ್ಟ ನಾತದ, ಎರಡು ಬಕೆಟ್ ನೀರು ಹೊಯ್ದರೂ ಹೋಗದೆ ತೇಲುವಂಥದ್ದು. ಇದನ್ನು ಬರೆಯುವಾಗ ಈಗಲೂ ಕೈ ಹಿಂದೆ ಸರಿಯುತ್ತದೆ. ಆದರೆ ಈ ನಾಚಿಕೆಯೇ ನನ್ನ ಎರಡು ವರ್ಷ ತಿಂದದ್ದು. ಡಾಕ್ಟರ ಮುಂದೆ ಕೂತಾಗಲೆಲ್ಲ ನಾನು "ಹೊಟ್ಟೆ ಸರಿಯಿಲ್ಲ ಸಾರ್" ಎಂದಷ್ಟೇ ಹೇಳಿ ತಲೆ ತಗ್ಗಿಸುತ್ತಿದ್ದೆ. ಅವರೂ ಅದಕ್ಕಿಂತ ಹೆಚ್ಚು ಕೇಳುತ್ತಿರಲಿಲ್ಲ.

ನಮ್ಮ ಬೀದಿಯ ಕೊನೆಯಲ್ಲಿ ಒಂದು ಕ್ಲಿನಿಕ್ ಇತ್ತು. ಅಲ್ಲಿನ ಡಾಕ್ಟರು ನನ್ನ ಮಾತು ಕೇಳಿದ ಕೂಡಲೇ ಪತ್ತೆ ಹಚ್ಚಿಬಿಟ್ಟರು.

"ಹುಬ್ಬಳ್ಳಿ ಕಡೆಯವ್ರಾ? ನೀರು ಚೇಂಜ್ ಆಗಿದೆಯಮ್ಮಾ, ಅಷ್ಟೇ. ಒಗ್ಗೋವರೆಗೂ ಇಂಗೇ ಇರುತ್ತೆ. ಕಾಯಿಸಿ ಕುಡೀರಿ."

ಮಾತ್ರೆ ಬರೆದರು. ನಾಲ್ಕು ದಿನ ಸ್ವಲ್ಪ ಕಡಿಮೆಯಾದಂತೆ ಕಂಡು ಮತ್ತೆ ಶುರುವಾಯಿತು. ಬೇರೆ ಬಣ್ಣದ ಮಾತ್ರೆ. ಜಂತುಹುಳದ ಮಾತ್ರೆ. ಆಮೇಲೆ ಇನ್ನೊಂದು ಬಣ್ಣದ್ದು. ಮೂರನೆಯದೋ ನಾಲ್ಕನೆಯದೋ ಸಲ ಹೋದಾಗ ಅವರು, "ಖಾರ ಬಿಡಿ. ಗಟ್ಟಿ ಪದಾರ್ಥ ಬೇಡ. ಬ್ರೆಡ್ಡು ತಿನ್ನಿ, ರವೆ ಗಂಜಿ ಕುಡೀರಿ, ಹೊಟ್ಟೆಗೆ ಹಗುರ" ಅಂದರು. ನಾನು ವ್ರತ ಹಿಡಿದವಳ ಹಾಗೆ ಶ್ರದ್ಧೆಯಿಂದ ಬ್ರೆಡ್ಡು ತಿಂದೆ. ಹಸಿವಾದರೆ ಬ್ರೆಡ್ಡು, ಹಸಿವಿಲ್ಲದಿದ್ದರೂ ಬ್ರೆಡ್ಡು. ಆ ತಿಂಗಳು ನನ್ನ ಬಳೆಗಳು ಮೊಣಕೈತನಕ ಜಾರತೊಡಗಿದವು.

ಮನೆಯಲ್ಲಿ ನೀರಿನದೇ ಧ್ಯಾನವಾಯಿತು. ಗಂಡ ಕ್ಯಾನ್ ನೀರು ತರಿಸಿದರು. ಅದನ್ನೂ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿಸಿ ಕುಡಿಯುತ್ತಿದ್ದೆ. ಸಂಪಿನ ನೀರು ಸರಿಯಿಲ್ಲ ಅಂತ ಯಾರೋ ಅಂದದ್ದು ಮೇಲಿನವರ ಕಿವಿಗೆ ಬಿತ್ತು. ಓನರ್ ಅಮ್ಮ ಇಳಿದು ಬಂದು ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ, "ಆರು ಮನೆಯವ್ರು ಇದೇ ನೀರು ಕುಡಿಯಾಕಿಲ್ವಾ? ನನ್ನ ಸಂಪಿಗೆ ಕೆಟ್ಟೆಸ್ರು ತರಬ್ಯಾಡಿ" ಅಂದರು. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಉಳಿದ ಐದು ಮನೆಯವರೂ ಗುಂಡುಕಲ್ಲಿನಂತೆ ಇದ್ದರು. ಅಲ್ಲಿಂದಾಚೆ ಪಾಯಿಖಾನೆ ಗಲೀಜಾದಾಗಲೆಲ್ಲ ಎಲ್ಲರೂ ನನ್ನ ಬಾಗಿಲ ಕಡೆ ನೋಡುತ್ತಿದ್ದರು. ಯಾರು ಮಾಡಿದ್ದೆಂದು ಕೇಳಬೇಕಾದ ಅಗತ್ಯವೇ ಉಳಿಯಲಿಲ್ಲ. ನಾನೇ ಬ್ರಷ್ಷು, ಫಿನಾಯಿಲ್ ಹಿಡಿದು ಎರಡನ್ನೂ ತೊಳೆಯತೊಡಗಿದೆ. ಯಾರೂ ಬೇಡ ಅನ್ನಲಿಲ್ಲ.

ಆ ನಡುವೆ ಬಸಿರಾದೆ. ಮೂರನೇ ತಿಂಗಳಲ್ಲಿ ಅದು ಹೋಯಿತು. ರಕ್ತ ಬಹಳ ಕಮ್ಮಿ ಇದೆ, ಸೊಪ್ಪು ತಿನ್ನಬೇಕು ಎಂದು ಹೇಳಿ ಕಳಿಸಿದರು. ಸೊಪ್ಪು ತಿನ್ನುತ್ತಲೇ ಇದ್ದೆ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ಇದರ ಬಗ್ಗೆ ಇಷ್ಟೇ ಬರೆಯುತ್ತೇನೆ.

ಫ್ಯಾಕ್ಟರಿಯಲ್ಲಿ ನನ್ನದು ಶರ್ಟಿಗೆ ಕಾಲರ್ ಕೂಡಿಸುವ ಕೆಲಸ. ನಮ್ಮ ಲೈನಿನಲ್ಲಿ ಮೂವತ್ತಕ್ಕೂ ಹೆಚ್ಚು ಮಿಷನ್, ಇಡೀ ಲೈನಿಗೆ ಟಾಯ್ಲೆಟ್ ಪಾಸ್ ಒಂದೇ. ದಾರ ಕಟ್ಟಿದ ಒಂದು ಪ್ಲಾಸ್ಟಿಕ್ ಕಾರ್ಡು. ಅದು ಸೂಪರ್‌ವೈಸರ್ ಟೇಬಲ್ ಮೇಲೆ ಇರುತ್ತಿತ್ತು. ಕೊರಳಿಗೆ ಹಾಕಿಕೊಂಡು ಹೋಗಬೇಕು, ಬಂದ ಮೇಲೆ ಇನ್ನೊಬ್ಬರು ಹೋಗಬೇಕು. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತಿದ್ದರು. ನಾನು ಎದ್ದರೆ ನನ್ನ ಮುಂದಿನವಳ ಕೈ ಖಾಲಿ, ಹಿಂದಿನವಳ ಮುಂದೆ ಬಂಡಲ್ ರಾಶಿ. ಸೂಪರ್‌ವೈಸರ್ ಕೆಟ್ಟವನೆಂದು ಅಲ್ಲಿ ಹೆಸರಿರಲಿಲ್ಲ. ತಮಾಷೆಯವನೆಂದು ಹೆಸರಿತ್ತು.

"ಏನಮ್ಮಾ, ಟಾಯ್ಲೆಟ್ಟಲ್ಲೇ ಒಂದು ಮಿಷನ್ ಹಾಕಿಸ್ಕೊಡ್ಲಾ ನಿಂಗೆ?"

ಇಡೀ ಲೈನು ನಗುತ್ತಿತ್ತು. ನಾನೂ ನಗುತ್ತಿದ್ದೆ. ನಕ್ಕರೆ ಪಾಸ್ ಬೇಗ ಸಿಗುತ್ತಿತ್ತು.

ಶಿಪ್‌ಮೆಂಟ್ ಇದ್ದ ಒಂದು ದಿನ ಬೆಳಿಗ್ಗೆಯೇ ಎರಡು ಸಲ ಹೋಗಿ ಬಂದಿದ್ದೆ. ಮಧ್ಯಾಹ್ನದ ಊಟಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ಹೊಟ್ಟೆ ಹಿಂಡಿತು. ಹೋಗಿ ಕೈಚಾಚಿದೆ.

"ಊಟಕ್ಕೆ ಬಿಡ್ತಾರಲ್ಲ, ಆಗ ಹೋಗಮ್ಮ. ಇವತ್ತು ಆಗಲ್ಲ."

"ಸಾರ್, ತಡ್ಕೊಳಾಕ ಆಗಂಗಿಲ್ರಿ."

"ಎಲ್ರೂ ಮನುಷ್ಯರೇ ಅಲ್ವಾ? ಅವರೆಲ್ಲ ತಡ್ಕೊಂಡಿಲ್ವಾ?"

ವಾಪಸ್ ಬಂದು ಕೂತೆ. ಎರಡು ಕಾಲರ್ ಹೊಲಿದೆ. ಮೂರನೆಯದಕ್ಕೆ ಸೂಜಿ ಇಳಿಸುವಾಗ ಆಗಿಹೋಯಿತು. ಕೂತ ಸ್ಟೂಲಿನಿಂದ ನೆಲಕ್ಕೆ ಇಳಿಯಿತು. ಯಾರೂ ನಗಲಿಲ್ಲ. ಪಕ್ಕದ ಮಿಷನ್ನಿನಲ್ಲಿ ತುಮಕೂರು ಕಡೆಯ ಒಬ್ಬ ಹೆಂಗಸು ಕೂರುತ್ತಿದ್ದರು, ನನಗಿಂತ ಹತ್ತು ವರ್ಷ ದೊಡ್ಡವರು. ಅವರು ಎದ್ದು ರಿಜೆಕ್ಟ್ ಬಟ್ಟೆಯ ದೊಡ್ಡ ತುಂಡೊಂದನ್ನು ತಂದು ನನ್ನ ಸೊಂಟಕ್ಕೆ ಸುತ್ತಿ, ಪಾಸ್ ಕೇಳದೆ ನನ್ನನ್ನು ಕರೆದುಕೊಂಡು ಹೋದರು. ನೆಲ ಒರೆಸಿದವರು ಯಾರೆಂದು ನನಗೆ ಗೊತ್ತಿಲ್ಲ. ಸೂಪರ್‌ವೈಸರ್ ಗೇಟಿನ ತನಕ ಬಂದು, "ಹುಷಾರಾದ್ಮೇಲೆ ಬಾಮ್ಮ" ಅಂದ. ದನಿ ಮೆತ್ತಗಿತ್ತು. ಬರಬೇಡ ಎಂಬುದನ್ನು ಅಲ್ಲಿ ಹಾಗೆ ಹೇಳುತ್ತಾರೆ.

ಗಂಡ ನನ್ನನ್ನು ತವರಿಗೆ ಕಳಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಇಳಿದವಳನ್ನು ಕಂಡು ಅವ್ವ ಬಾಯಿಗೆ ಸೆರಗು ಹಿಡಿದಳು. "ಯವ್ವಾ, ಏನ ಆಗೇತಿ ನಿನಗ? ಎಲುಬ ಕಾಣಾಕತ್ತಾವಲ್ಲ!"

ಅವ್ವ ಔಷಧ ಕೊಡಲಿಲ್ಲ. ಮನೆಯಲ್ಲಿ ಇದ್ದದ್ದನ್ನೇ ಹಾಕಿದಳು. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ, ರಾತ್ರಿ ಒಂದು ಹಿಡಿ ಅನ್ನ. ಎರಡನೇ ವಾರಕ್ಕೆ ಹೊಟ್ಟೆಯ ಉಬ್ಬರ ಇಳಿಯಿತು. ಮೂರನೇ ವಾರ ಒಂದು ಬೆಳಿಗ್ಗೆ, ಎದ್ದು ಬಹಳ ಹೊತ್ತಾದರೂ ನಾನು ಹೊರಗೆ ಓಡಿಲ್ಲವೆಂಬುದು ನೆನಪಾಗಿ, ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಎರಡು ತಿಂಗಳಲ್ಲಿ ಕೆನ್ನೆ ತುಂಬಿದವು.

"ಬೆಂಗಳೂರ ನೀರ ನಿನಗ ಒಗ್ಗಂಗಿಲ್ಲ. ತವರಿನ ನೀರಿಗೆ ನೋಡ ಹೆಂಗ ಆದಿ!" ಅಂದಳು ಅವ್ವ. ಕ್ಲಿನಿಕ್ಕಿನ ಡಾಕ್ಟರು, ಓನರ್ ಅಮ್ಮನ ಬಾಡಿಗೆದಾರರು, ಅವ್ವ, ಎಲ್ಲರೂ ನೀರಿಗೇ ಬಂದು ನಿಂತಿದ್ದರು. ಅವ್ವನಿಗೆ ಒಂದು ಮಾತ್ರ ನೆನಪಿತ್ತು. ಚಿಕ್ಕಂದಿನಲ್ಲಿ ಶಾವಿಗೆ ಪಾಯಸ ಮಾಡಿದ ಹಬ್ಬದ ಮರುದಿನ ನನಗೆ ಹೊಟ್ಟೆ ಕೆಡುತ್ತಿತ್ತಂತೆ. ಅದಕ್ಕೆ ಅವಳು ದೃಷ್ಟಿ ತೆಗೆಯುತ್ತಿದ್ದಳಂತೆ.

ಗಂಡ ಬಂದು ಕರೆದುಕೊಂಡು ಹೋದರು. ನನ್ನ ಕೆನ್ನೆ ನೋಡಿ ದಾರಿಯುದ್ದಕ್ಕೂ ಖುಷಿಯಲ್ಲಿದ್ದರು. ಮನೆಗೆ ಹೋದ ಸಂಜೆಯೇ ಅವರಿಗೆ ಬಿಸಿ ಚಪಾತಿ ಮಾಡಿ ಬಡಿಸಿ, ಜೊತೆಗೆ ಕೂತು ನಾನೂ ತಿಂದೆ. ಮೂರನೇ ವಾರಕ್ಕೆ ಭೇದಿ ಮರಳಿತು.

ಆಗ ಅವರು ಹೇಳಿದ ಮಾತು ನನಗೆ ಅಕ್ಷರಶಃ ನೆನಪಿದೆ. ಭಾನುವಾರ. ಅವರು ಬಾಗಿಲಲ್ಲಿ ಕೂತು ಉಗುರಿನ ಸಂದಿಯ ಬಣ್ಣವನ್ನು ಸೀಮೆಎಣ್ಣೆ ಬಟ್ಟೆಯಿಂದ ತೆಗೆಯುತ್ತಿದ್ದರು. ನಾನು ಆ ಬೆಳಿಗ್ಗೆ ನಾಲ್ಕನೇ ಸಲ ಬಕೆಟ್ ಹಿಡಿದು ಹೊರಟಿದ್ದೆ.

"ನಿಲ್ಲು. ಅವ್ವನ ಮನ್ಯಾಗ ಎರಡ ತಿಂಗಳ ಚಲೋ ಇದ್ದಿ. ಇಲ್ಲಿ ಬಂದಿ, ಮತ್ತ ಶುರುವಾತು. ನೀರ ಕ್ಯಾನಿಂದ. ನೀ ತಿಂದದ್ದನ್ನ ನಾನೂ ತಿಂದೇನಿ, ನನಗ ಏನೂ ಆಗಿಲ್ಲ. ಮತ್ತ ಉಳದದ್ದರ ಏನು? ನಾನ ಉಳದೆ. ನಿನಗ ನೀರಲ್ಲ, ನಾ ಒಗ್ಗವಲ್ಲೆ."

"ಹಂಗ್ಯಾಕ ಅಂತೀರಿ?"

"ಮತ್ತ ಹೆಂಗ ಅನ್ಲಿ?"

ಅವರಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ನಾನೂ ಸಿಟ್ಟಿಗೇಳುತ್ತಿದ್ದೆ. ಬಹಳ ದಿನ ಒಬ್ಬರೇ ಯೋಚಿಸಿ ಒಂದು ತೀರ್ಮಾನಕ್ಕೆ ಬಂದವರ ಹಾಗೆ ಹೇಳಿದರು. ಅವರ ತರ್ಕದಲ್ಲಿ ನನಗೆ ತೂತು ಕಾಣಲಿಲ್ಲ. ಬಕೆಟ್ ಹಿಡಿದು ಹೋದೆ. ಹೋಗಲೇಬೇಕಾಗಿತ್ತು. ಅಷ್ಟು ದೊಡ್ಡ ಮಾತಿಗೆ ಉತ್ತರ ಕೊಡುವಷ್ಟು ಹೊತ್ತು ನಿಲ್ಲುವುದಕ್ಕೂ ನನ್ನ ಹೊಟ್ಟೆ ಬಿಡಲಿಲ್ಲ. ವಾಪಸ್ ಬರುವಾಗ ಅವರ ಫೋನಿನಲ್ಲಿ ಅತ್ತೆಯ ದನಿ ದೊಡ್ಡದಾಗಿ ಕೇಳುತ್ತಿತ್ತು. "ಬಸರೂ ನಿಲ್ಲಂಗಿಲ್ಲ, ಹೊಟ್ಟೀನೂ ನಿಲ್ಲಂಗಿಲ್ಲ. ಆಕೀನ್ನ ಅವರವ್ವನ ಮನ್ಯಾಗ ಬಿಟ್ಟ ಬಾ."

ಅವರು ಬಿಟ್ಟು ಬರಲಿಲ್ಲ. ಮಾತು ಬಿಟ್ಟರು. ನಾಲ್ಕು ತಿಂಗಳು ಹಾಗೆ ನಡೆಯಿತು. ನನ್ನ ಬಾಯೊಳಗೆ ಹುಣ್ಣು, ಅಂಗಾಲಿನಲ್ಲಿ ಇರುವೆ ಹರಿದಂಥ ಜುಮುಜುಮು. ರಾಶಿರಾಶಿ ಕೂದಲು ಉದುರುತ್ತಿತ್ತು. ಒಮ್ಮೊಮ್ಮೆ ನನಗೇ ಅನುಮಾನ ಬರುತ್ತಿತ್ತು. ನಿಜವಾಗಿಯೂ ಇದು ನನ್ನ ಮನಸ್ಸಿನ ಆಟವಿರಬಹುದೇ? ಗಂಡನ ಮನೆ ಬೇಡವೆಂದು ನನ್ನ ಕರುಳೇ ಹಟ ಹಿಡಿದಿದೆಯೇ? ಕ್ಲಿನಿಕ್ಕಿನ ಡಾಕ್ಟರೂ ಅಷ್ಟು ಹೊತ್ತಿಗೆ ನೀರು ಬಿಟ್ಟು "ಟೆನ್ಷನ್" ಅನ್ನತೊಡಗಿದ್ದರು.

ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಕೊಡ ಎತ್ತಲು ಹೋಗಿ ಕುಸಿದು ಬಿದ್ದೆ. ಕಣ್ಣು ಬಿಟ್ಟಾಗ ಆಟೋದಲ್ಲಿದ್ದೆ. ಪಕ್ಕದಲ್ಲಿ ನನ್ನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡು ಓನರ್ ಅಮ್ಮ ಕೂತಿದ್ದರು. ದೊಡ್ಡಾಸ್ಪತ್ರೆಯಲ್ಲಿ ಸೇರಿಸಿಕೊಂಡು ರಕ್ತ ಹಾಕಿದರು. ಮರುದಿನ ಒಬ್ಬ ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ನನ್ನ ಹಳೆಯ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿಕೊಂಡು ಒಂದೊಂದೇ ಓದಿದರು. ಗಂಡ ಕಿಟಕಿಯ ಹತ್ತಿರ ನಿಂತಿದ್ದರು.

"ಎಷ್ಟು ದಿನದಿಂದ ಲೂಸ್ ಮೋಷನ್?"

"ಎರಡು ವರ್ಷ ದಾಟೇತ್ರಿ ಮೇಡಂ."

ಅವರು ಚೀಟಿಯಿಂದ ತಲೆ ಎತ್ತಿದರು. "ಎರಡು ವರ್ಷನಾ? ಎರಡು ವಾರ ದಾಟಿದ್ರೇನೇ ಬರೀ ನಿಲ್ಲಿಸೋ ಮಾತ್ರೆ ಕೊಡ್ತಾ ಕೂರಬಾರದು. ಯಾಕೆ ಅಂತ ಹುಡುಕ್ಬೇಕು. ಹೊಟ್ಟೇಲಿ ಹುಳು ಇರಬಹುದು, ಥೈರಾಯ್ಡ್ ಇರಬಹುದು, ಕರುಳಿಗೆ ಟೀಬಿ ಆಗಿರಬಹುದು. ಕೆಲವರಿಗೆ ಹಾಲು ಜೀರ್ಣ ಆಗಲ್ಲ, ಕೆಲವರಿಗೆ ತಗೋತಿರೋ ಬೇರೆ ಮಾತ್ರೆಯಿಂದಾನೇ ಹಿಂಗಾಗುತ್ತೆ. ಒಂದೇ ಕಾಯಿಲೆ ಅಲ್ಲ ಇದು." ಆಮೇಲೆ ದನಿ ತಗ್ಗಿಸಿ, "ನಾಚ್ಕೋಬೇಡಿ. ಹೇಗೆ ಹೋಗುತ್ತೆ ಹೇಳಿ. ಬಣ್ಣ? ತೇಲುತ್ತಾ?" ಅಂದರು.

ಎರಡು ವರ್ಷದಲ್ಲಿ ಅದನ್ನು ಕೇಳಿದ ಮೊದಲ ವ್ಯಕ್ತಿ ಅವರು. ಹೇಳಿದೆ. ಎಲ್ಲ ಹೇಳಿದೆ. ತವರಿಗೆ ಹೋದಾಗ ನಿಂತದ್ದನ್ನೂ ಹೇಳಿದೆ.

"ಊರಲ್ಲಿ ಏನು ತಿಂತಿದ್ರಿ?"

"ರೊಟ್ಟಿ ರಿ, ಜ್ವಾಳದ್ದು."

"ಇಲ್ಲಿ?"

"ಚಪಾತಿ. ಬನ್ನು. ಹೊಟ್ಟಿ ಕೆಟ್ಟಾಗ ಬ್ರೆಡ್ಡು."

ಅವರು ಬರೆದುಕೊಂಡದ್ದರ ಕೆಳಗೆ ಎರಡು ಗೆರೆ ಎಳೆದರು.

ರಕ್ತದ ಒಂದು ಪರೀಕ್ಷೆ ಮಾಡಿಸಿದರು. ಬಾಯೊಳಗಿಂದ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ಅದನ್ನೂ ಕಳಿಸಿದರು. ವರದಿ ಬರಲು ಕೆಲವು ದಿನ ಹಿಡಿಯಿತು. ಬಂದ ಮೇಲೆ ನನ್ನನ್ನೂ ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಕಾಯಿಲೆಯ ಹೆಸರು ಸೀಲಿಯಾಕ್. ಗೋಧಿಯಲ್ಲಿ ಒಂದು ಅಂಶವಿದೆ, ಕೆಲವರ ಮೈ ಅದನ್ನು ಶತ್ರು ಎಂದು ತಿಳಿದು ತನ್ನ ಕರುಳನ್ನೇ ತಾನು ಕೆಡಿಸಿಕೊಳ್ಳುತ್ತದೆ. "ಟರ್ಕಿ ಟವೆಲ್ ನೋಡಿದ್ದೀರಲ್ಲ? ಕರುಳಿನ ಒಳಗೆ ಹಂಗೇ ಎಳೆ ಎಳೆ ಇರುತ್ತೆ. ತಿಂದದ್ದನ್ನ ಅದೇ ಹೀರಿಕೊಳ್ಳೋದು. ನಿಮ್ಮದು ಸವೆದು ಸಾದಾ ಬಟ್ಟೆ ಥರ ಆಗಿದೆ. ಎಷ್ಟು ಸೊಪ್ಪು ತಿಂದ್ರೂ ರಕ್ತ ಎಲ್ಲಿಂದ ಬರುತ್ತೆ?"

ಗೋಧಿ, ಮೈದಾ, ರವೆ, ಶಾವಿಗೆ, ಬಿಸ್ಕತ್ತು, ಎಲ್ಲ ಜನ್ಮಪೂರ್ತಿ ಬಂದ್. ಚೂರೂ ಇಲ್ಲ. ಜೋಳ, ರಾಗಿ, ಅಕ್ಕಿಗೆ ಅಡ್ಡಿಯಿಲ್ಲ, ಹಿಟ್ಟು ಮಾತ್ರ ಗೋಧಿ ಬೀಸದ ಕಡೆ ಬೀಸಿದ್ದಾಗಿರಬೇಕು. ಅಂಗಡಿಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಅದನ್ನೂ ನೋಡಿ ತರಬೇಕು.

ಗಂಡ ನಂಬಲಾರದೆ, "ಚಪಾತಿ ತಿಂದ್ರ ರೋಗ ಬರ್ತೈತೇನ್ರಿ ಮೇಡಂ? ನಾನೂ ತಿಂತೇನಲ್ರಿ?" ಎಂದು ಕೇಳಿದರು.

"ನಿಮಗೆ ಆಗಲ್ಲ. ಇವರಿಗೆ ಆಗುತ್ತೆ. ಇದು ನೀರಿಂದ ಬಂದಿದ್ದಲ್ಲ, ಮನಸ್ಸಿಂದ ಬಂದಿದ್ದೂ ಅಲ್ಲ."

ನಾನು ಒಂದೇ ಪ್ರಶ್ನೆ ಕೇಳಿದೆ. "ಮಗು ಹೋತಲ್ರಿ ಮೇಡಂ, ಅದೂ ಇದರಿಂದನ?"

ಅವರು ಪ್ರಾಮಾಣಿಕರು. "ಆಗಿರಬಹುದು. ಬೇರೆ ಕಾರಣಾನೂ ಇದ್ದಿರಬಹುದು. ಈಗ ಖಚಿತವಾಗಿ ಹೇಳೋಕಾಗಲ್ಲಮ್ಮ." ಹೌದು ಅಂದಿದ್ದರೆ ಯಾರನ್ನಾದರೂ ಶಪಿಸುತ್ತಿದ್ದೆ. ಇಲ್ಲ ಅಂದಿದ್ದರೆ ಮರೆಯಲು ನೋಡುತ್ತಿದ್ದೆ.

ಗೋಧಿ ಬಿಟ್ಟ ಮೂರನೇ ವಾರಕ್ಕೆ ಭೇದಿ ನಿಂತಿತು. ರಕ್ತ ಏರಲು, ಕೂದಲು ಮರಳಲು ವರ್ಷ ಹಿಡಿಯಿತು. ನಾನು ಮತ್ತೆ ರೊಟ್ಟಿ ಬಡಿಯತೊಡಗಿದೆ. ಓನರ್ ಅಮ್ಮ ಒಂದು ದಿನ ಬಾಗಿಲಿಗೆ ಬಂದು ನೋಡಿ, "ಬಡ್ಕಳಮ್ಮ, ಬಡ್ಕ. ನಾನಂತೂ ನಮ್ಮ ನೀರಲ್ಲ ಅಂತ ಮೊದ್ಲೇ ಯೋಳಿದ್ದೆ" ಅಂದು ಹೋದರು.

ವರದಿ ಹಿಡಿದುಕೊಂಡು ಬೀದಿಯ ಕ್ಲಿನಿಕ್ಕಿಗೂ ಹೋದೆ. ಏನು ಬೇಕಾಗಿತ್ತು ನನಗೆ ಅಲ್ಲಿ, ಗೊತ್ತಿಲ್ಲ. ಡಾಕ್ಟರು ಕನ್ನಡಕ ಏರಿಸಿ ಓದಿ, "ಓ, ಇದಾ. ನಮ್ಮ ಕಡೆ ಇದು ಅಪರೂಪ" ಅಂದರು.

"ನೀವು ಬ್ರೆಡ್ಡು ತಿನ್ನಿ ಅಂದಿದ್ರಿ ಸಾರ್."

"ಹೊಟ್ಟೆ ಕೆಟ್ಟೋರಿಗೆಲ್ಲ ಅದೇ ಹೇಳೋದಮ್ಮ" ಎಂದು ವರದಿ ಮಡಿಚಿ ಕೈಗಿತ್ತು, ಬಾಗಿಲ ಕಡೆ ನೋಡಿ ಮುಂದಿನವರನ್ನು ಕರೆದರು.

ಗಂಡ ಬದಲಾದರು. ಊರಿನಿಂದ ಜೋಳ ತರಿಸುತ್ತಾರೆ. ಬೇರೆ ಗಿರಣಿ ಹುಡುಕಿ ತಾವೇ ಬೀಸಿಸಿ ತರುತ್ತಾರೆ. ಕೆಲಸದ ಕಡೆಯವರಿಗೆ ನನ್ನ ಕಾಯಿಲೆಯ ಇಂಗ್ಲಿಷ್ ಹೆಸರನ್ನು ತಪ್ಪಿಲ್ಲದೆ ಹೇಳುತ್ತಾರೆ. ಒಮ್ಮೆ, "ಅವತ್ತ ಸಿಟ್ಟಿಲೆ ಏನೋ ಅಂದೆ, ಮನಸ್ಸಿಗೆ ಹಚ್ಕೊಬ್ಯಾಡ" ಅಂದರು. ಅವತ್ತು ಅವರಿಗೆ ಸಿಟ್ಟು ಬಂದಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತು. ಈಗ ರಕ್ತ ಸರಿಯಾಗಿದೆಯಲ್ಲ ಎಂದು ಅವರು ಮಗುವಿನ ಮಾತು ಎತ್ತುತ್ತಾರೆ. ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತೇನೆ.

ಹೋದ ತಿಂಗಳು ಅವರ ಊರಿನಲ್ಲಿ ಮೈದುನನ ಮದುವೆ. ಪಂಕ್ತಿಯಲ್ಲಿ ನನ್ನ ಎಲೆಗೆ ಬರೀ ಅನ್ನ, ಮೊಸರು ಹಾಕಿಸಿಕೊಂಡಿದ್ದೆ. ಸಾರಿಗೆ ಯಾವ ಇಂಗು ಹಾಕಿದ್ದೀರಿ ಎಂದು ಅಡುಗೆಯವರನ್ನು ಕೇಳಿದ್ದಕ್ಕೆ ಆಗಲೇ ಒಳಗೆ ನಗು ಎದ್ದಿತ್ತು. ಅತ್ತೆ ಹೋಳಿಗೆಯ ಪುಟ್ಟಿ ಹಿಡಿದು ಬಂದು ಎದುರು ನಿಂತರು.

"ಒಂದ ತಿಂದ್ರ ಏನ ಸಾಯಂಗಿಲ್ಲ. ಮದವಿ ಮನ್ಯಾಗ ಒಲ್ಲೆ ಅನಬಾರದು."

"ಒಲ್ಲೆರಿ ಅತ್ತಿ."

"ಬೆಂಗಳೂರ ಸೊಕ್ಕ ನೋಡ ಈಕೀದು" ಎಂದು ಪಕ್ಕದವರಿಗೆ ಹೇಳುತ್ತಾ, ನನ್ನ ಅನ್ನದ ಮೇಲೆ ಒಂದು ಹೋಳಿಗೆ ಹಾಕಿಯೇಬಿಟ್ಟರು. ಗಂಡ ಪಕ್ಕದಲ್ಲೇ ಕೂತಿದ್ದರು. ಅವರು ತಾಯಿಗೆ ಏನೂ ಅನ್ನಲಿಲ್ಲ. ಕೈ ಚಾಚಿ ಆ ಹೋಳಿಗೆಯನ್ನು ತಮ್ಮ ಎಲೆಗೆ ಎತ್ತಿಕೊಂಡು, "ಮುಗೀತು, ಈಗ ಉಣ್ಣು" ಎಂದು ನನ್ನ ಕಡೆ ನಕ್ಕರು.

ಅನ್ನದ ಮೇಲೆ ಹೋಳಿಗೆಯ ಮೈದಾ ಹಿಟ್ಟು, ಎಣ್ಣೆ ಅಂಟಿತ್ತು. ನಾನು ಎಲೆ ಮಡಿಚಿ, ಪಂಕ್ತಿಯ ನಡುವೆಯೇ ಎದ್ದು ಕೈ ತೊಳೆದೆ.